ಬೀರಪ್ಪನಿಗೆ ಹೇಳಿ ಹೊರಟ ಗುಟ್ಟಿನ ಪ್ರವಾಸ

ನಾನು ಸೊಲ್ಲಾಪುರದ ಒಂದು ಮರಾಠಿ ಶಾಲೆಯಲ್ಲಿ ಭೂಗೋಳ ಕಲಿಸುತ್ತೇನೆ. ವರ್ಷಕ್ಕೊಮ್ಮೆ ಆ ಪಾಠದ ಸರದಿ ಬಂದಾಗ ಕರಿಹಲಗೆಯ ಮೇಲೆ ಜಲಪಾತದ ಚಿತ್ರ ಬರೆಯುತ್ತೇನೆ. ಮೇಲೆ ಗಟ್ಟಿ ಬಂಡೆ, ಕೆಳಗೆ ಮೆದು ಬಂಡೆ, ಅದರ ಮುಂದೆ ನೀಲಿ ಚಾಕಿನ ನೀರು, ಬುಡದಲ್ಲಿ ಬಿಳಿ ನೊರೆ. ಚಿತ್ರ ಚೆನ್ನಾಗಿಯೇ ಬರುತ್ತದೆ. ಗಂಟೆ ಹೊಡೆದ ಮೇಲೂ ಅಳಿಸಬೇಡಿ ಬಾಯಿ ಎಂದು ಮಕ್ಕಳು ಹೇಳುವುದುಂಟು. ನಮ್ಮ ಶಾಲೆಗಳಲ್ಲಿ ಟೀಚರನ್ನು ಬಾಯಿ ಎಂದೇ ಕರೆಯುವುದು. ಆ ಬಾಯಿ ಐವತ್ತರ ಹತ್ತಿರ ಬಂದರೂ ಒಂದೇ ಒಂದು ಜಲಪಾತವನ್ನು ಕಣ್ಣಾರೆ ನೋಡಿರಲಿಲ್ಲ ಎಂಬುದನ್ನು ನಾನು ಮಕ್ಕಳಿಗೆ ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ, ನಿಮ್ಮಲ್ಲೇ ಇರಲಿ.

ಹಾಗೆ ನೋಡಿದರೆ ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಜ್ವಾಲಾಮುಖಿಯ ಪಾಠ ಮಾಡುವವರೆಲ್ಲ ಅದರೊಳಗೆ ಇಣುಕಿ ಬಂದವರೇನಲ್ಲ. ನಮ್ಮ ಕಡೆಯ ನೆಲ ರೊಟ್ಟಿಯ ಹಾಗೆ ಸಪಾಟು. ನೀರು ಬೀಳಬೇಕಾದರೆ ಬೀಳುವುದಕ್ಕೊಂದು ಎತ್ತರ ಬೇಕು. ಅದಕ್ಕೂ ಮೊದಲು ನೀರು ಬೇಕು. ಸೊಲ್ಲಾಪುರದಲ್ಲಿ ನೀರು ಮೇಲಿನಿಂದ ಬೀಳುವುದು ನಳ ಬಂದ ದಿನ, ಯಾರದೋ ಮಾಳಿಗೆಯ ಟಾಕಿ ತುಂಬಿ ಹರಿದಾಗ ಮಾತ್ರ. ಅದನ್ನು ಯಾರೂ ನಿಂತು ನೋಡಿ ಆನಂದಪಡುವುದಿಲ್ಲ. ಓಣಿಯ ಹೆಂಗಸರೆಲ್ಲ ಸೇರಿ “ಟಾಕಿ ತುಂಬೇತ್ರಿ, ಮೋಟರ್ ಬಂದ್ ಮಾಡ್ರಿ” ಎಂದು ಕೂಗುತ್ತಾರೆ. ಬೀಳುವ ನೀರು ಹಾಳಾಗುವ ನೀರು ಎಂದೇ ನಾವು ತಿಳಿದು ಬೆಳೆದವರು.

ಇನ್ನು ನಮ್ಮವರು. ಇವರು ಎಸ್.ಟಿ. ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರು. ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕುಳಿತು ಯಾವ ಗಾಡಿ ಯಾವ ಫಲಾಟಿಗೆ, ಅಂದರೆ ಪ್ಲಾಟ್‌ಫಾರ್ಮಿಗೆ, ಹತ್ತಿದೆ, ಯಾವುದು ತಡ, ಯಾವುದು ರದ್ದು ಎಂದು ಮರಾಠಿಯಲ್ಲಿ ಹೇಳುವುದು ಇವರ ಕೆಲಸ. ಊರಿನ ಅರ್ಧ ಮಂದಿಗೆ ಇವರ ದನಿ ಗೊತ್ತು, ಮುಖ ಗೊತ್ತಿಲ್ಲ. ಲೋಕವನ್ನೆಲ್ಲ ಪ್ರವಾಸಕ್ಕೆ ಕಳಿಸುವ ಈ ಮನುಷ್ಯ ತಾನು ಎಲ್ಲಿಗೂ ಹೋಗುವುದಿಲ್ಲ. ಹೋಗಲು ಆಗುವುದೂ ಇಲ್ಲ. ದೀಪಾವಳಿ, ಬೇಸಿಗೆ ಸೂಟಿ, ಆಷಾಢದ ವಾರಿಯ ಯಾತ್ರೆ, ಮದುವೆಯ ಹಂಗಾಮು ಎಂದು ಉಳಿದವರು ಗಂಟುಮೂಟೆ ಕಟ್ಟುವಾಗಲೇ ಇವರಿಗೆ ರಜೆ ಬಂದ್.

ಹಾಗೆಂದು ನಾವು ಮನೆಯಲ್ಲೇ ಕೊಳೆತವರೆಂದು ತಿಳಿಯಬೇಡಿ. ಗುರುವಾರ ಅಕ್ಕಲಕೋಟೆಗೆ ಹೋಗಿ ಊಟದ ಸಾಲಿನಲ್ಲಿ ಕುಳಿತು ಪ್ರಸಾದ ಉಂಡು ಬಂದಿದ್ದೇವೆ. ವಾಗದರಿಯಲ್ಲಿ ಇವರ ತಮ್ಮನ ಮನೆಯಿದೆ, ಕುರಿಗಳಿವೆ, ಮನೆದೇವರು ಬೀರಪ್ಪನ ಗುಡಿಯಿದೆ. ಅಲ್ಲಿಗಂತೂ ಲೆಕ್ಕವಿಲ್ಲದಷ್ಟು ಸಲ ಹೋಗಿದ್ದೇವೆ. ಆದರೆ ಒಂದು ಜೀಪು ತುಂಬದೆ ನಮ್ಮ ಮನೆಯಿಂದ ಯಾರೂ ಹೊರಟ ಉದಾಹರಣೆಯಿಲ್ಲ. ಅತ್ತೆ, ನಾದಿನಿ, ನಾದಿನಿಯ ಮಕ್ಕಳು, ಹೇಗೂ ಜಾಗ ಇದೆಯಲ್ಲ ಎಂದು ಹತ್ತಿದ ಪಕ್ಕದ ಮನೆಯ ಕಾಕು. ಲಗ್ನವಾದ ಹೊಸತರಲ್ಲಿ ಜೋಡಿಯಾಗಿ ಮೈಲಾರಲಿಂಗನ ದರ್ಶನಕ್ಕೆ ಹೋದಾಗಲೂ ಹಿಂದಿನ ಸೀಟಿನಲ್ಲಿ ನಮ್ಮಿಬ್ಬರ ನಡುವೆ ಮೈದುನ ಕುಳಿತಿದ್ದ. ದಾರಿಯುದ್ದಕ್ಕೂ ಅವನು ನಿದ್ದೆ ಮಾಡಿದ್ದು ನನ್ನ ಭುಜದ ಮೇಲೆ.

ಹೀಗೆ ಇಪ್ಪತ್ತೈದು ವರ್ಷ ತುಂಬುತ್ತ ಬಂದವು. ಒಂದು ದಿನ ಇವರ ಬನಿಯನ್ ಒಣಹಾಕುತ್ತಿರುವಾಗ ಒಂದು ವಿಚಾರ ಹೊಳೆಯಿತು. ಈ ಮನುಷ್ಯನ ಜೊತೆ ಎರಡು ದಿನ ನಾನೊಬ್ಬಳೇ ಇದ್ದರೆ ಇವರು ಹೇಗಿರುತ್ತಾರೆ? ನನಗೆ ಗೊತ್ತಿರಲಿಲ್ಲ. ಮಂದಿಯ ನಡುವಿನ ಗಂಡ ಗೊತ್ತು, ಡ್ಯೂಟಿಯಿಂದ ಬಂದು ಕಾಲು ಚಾಚಿದ ಗಂಡ ಗೊತ್ತು. ಬರೇ ಇವರು ಗೊತ್ತಿಲ್ಲ. ತಿಳಿದುಕೊಳ್ಳಬೇಕೆಂಬ ಆಸೆ ಎಷ್ಟಿತ್ತೋ ಹೆದರಿಕೆಯೂ ಅಷ್ಟೇ ಇತ್ತು. ನಾಳೆ ಇವರು ನಿವೃತ್ತರಾದ ಮೇಲೆ ಇಬ್ಬರೂ ಎದುರುಬದುರು ಕೂರಬೇಕಲ್ಲ, ಆಗ ಮಾತಾಡಲು ಏನೂ ಇಲ್ಲದಿದ್ದರೆ? ಈಗಲೇ ಒಮ್ಮೆ ನೋಡಿಬಿಡುವುದು ಒಳ್ಳೆಯದು ಅನ್ನಿಸಿತು.

ಸರ್ಪ್ರೈಜ್ ಎಂಬುದನ್ನು ನಮ್ಮ ಮನೆಗೆ ತಂದವಳು ಮಗಳು ಶ್ರುತಿ. ಅವಳು ಕೊಲ್ಹಾಪುರದಲ್ಲಿ ವಕೀಲಿ ಓದುತ್ತಾಳೆ. “ಅವ್ವಾ, ಪಪ್ಪಾಗ ಕೇಳಬ್ಯಾಡ. ಕೇಳಿದಿ ಅಂದ್ರ ರಜಾ ಇಲ್ಲ ಅಂತಾರ. ಏಕದಮ್ ಸರ್ಪ್ರೈಜ್ ಕೊಡು” ಎಂದಳು. ಸರ್ಪ್ರೈಜಿನ ವಿಷಯದಲ್ಲಿ ನನಗೆ ಅನುಮಾನಗಳಿದ್ದವು. ನಮ್ಮಂಥ ಮನೆಗಳಿಗೆ ಹೇಳದೆ ಕೇಳದೆ ಬರುವುದೆಂದರೆ ಒಂದು ಜ್ವರ, ಇನ್ನೊಂದು ಶಾಲೆಯ ತಪಾಸಣೆ. ಎರಡಕ್ಕೂ ಯಾರೂ ಖುಷಿಪಟ್ಟದ್ದನ್ನು ನಾನು ಕಂಡಿಲ್ಲ. ಅದೂ ಅಲ್ಲದೆ ಸರ್ಪ್ರೈಜ್ ಕೊಡುವವರು ಹೆಚ್ಚಾಗಿ ತಮಗೆ ಬೇಕಾದದ್ದನ್ನೇ ಕೊಡುತ್ತಾರೆ. ನನ್ನ ನಲವತ್ತನೆಯ ಹುಟ್ಟುಹಬ್ಬಕ್ಕೆ ಇವರು ಹೇಳದೆ ತಂದುಕೊಟ್ಟದ್ದು ಒಂದು ರೇಡಿಯೋ, ಕ್ರಿಕೆಟ್ ಕಾಮೆಂಟರಿ ಸ್ವಚ್ಛವಾಗಿ ಕೇಳುವಂಥದ್ದು. ನಾನೂ ಏನು ಕಡಿಮೆಯಿಲ್ಲ. ಇವರಿಗಾಗಿ ಎಲ್ಲಿಗೆ ಹೋಗುವುದೆಂದು ಯೋಚಿಸಿದಾಗ ನನಗೆ ಹೊಳೆದದ್ದು ಜಲಪಾತ.

ಶ್ರುತಿ ಫೋನಿಗೆ ಗೋಕಾಕ ಜಲಪಾತದ ಚಿತ್ರಗಳನ್ನು ಕಳಿಸಿದಳು. ಘಟಪ್ರಭೆ ಕೆಂಪಾಗಿ, ದಪ್ಪವಾಗಿ, ಕುದುರೆಲಾಳದ ಆಕಾರದ ಬಂಡೆಯಿಂದ ಬೀಳುತ್ತಿತ್ತು. ನಾನು ಚಾಕಿನಲ್ಲಿ ಬರೆಯುತ್ತಿದ್ದದ್ದೂ ಅದನ್ನೇ, ಬಣ್ಣವೊಂದು ತಪ್ಪಿತ್ತು. ಅಲ್ಲಿಂದ ಬೆಳಗಾವಿ ದೂರವಲ್ಲ. ಒಂದು ರಾತ್ರಿ ಅಲ್ಲಿ ಇದ್ದು, ಕೋಟೆ ನೋಡಿ, ಕುಂದಾ ತಿಂದು, ಮರುದಿನ ಹಿಂದಿರುಗುವುದು ಎಂದು ಗೊತ್ತುಮಾಡಿಕೊಂಡೆವು. ಶ್ರುತಿ ಅಲ್ಲಿಂದಲೇ ಲಾಡ್ಜು ಹೇಳಿಟ್ಟಳು.

ಜಲಪಾತದ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಹೇಳದಿದ್ದರೆ ಮೇಷ್ಟರಿಕೆಗೆ ಸಮಾಧಾನವಿಲ್ಲ. ಅದು ನಿಂತ ಕಡೆ ನಿಲ್ಲುವ ವಸ್ತುವಲ್ಲ. ಬೀಳುವ ನೀರು ಕೆಳಗಿನ ಮೆದು ಕಲ್ಲನ್ನು ಕೊರೆಯುತ್ತದೆ. ಆಧಾರ ತಪ್ಪಿದ ಮೇಲಿನ ಗಟ್ಟಿ ಕಲ್ಲು ಒಂದು ದಿನ ಮುರಿದು ಬೀಳುತ್ತದೆ. ಜಲಪಾತ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ನದಿ ಮುಂದೆ ಹರಿಯುತ್ತಿದ್ದರೆ ಜಲಪಾತ ಹಿಂದೆ ನಡೆಯುತ್ತಿರುತ್ತದೆ. ಪರೀಕ್ಷೆಯಲ್ಲಿ ಇದನ್ನು ಕೇಳಿದರೆ ಮಕ್ಕಳು ಕಣ್ಣುಮುಚ್ಚಿ ಬರೆಯುತ್ತಾರೆ. ನಾನೂ ಹಾಗೆಯೇ ಕಲಿಸುತ್ತಿದ್ದೆ.

ಈಗ ಗುಟ್ಟು ಕಾಯುವ ಪ್ರಶ್ನೆ. ಬಸ್ಸಿನಲ್ಲಿ ಹೋಗುವ ಹಾಗಿಲ್ಲ. ನಮ್ಮ ಕಡೆಯ ಯಾವ ಕಂಡಕ್ಟರನೂ ಇವರಿಗೆ ಗುರುತಿಲ್ಲದವನಲ್ಲ. ಆದ್ದರಿಂದ ಶಾಲೆಯ ಗೆಳತಿಯೊಬ್ಬಳ ತಮ್ಮನ ಕಾರನ್ನು ಹೇಳಿದೆ. ಇವರಿಗೆ ಎರಡು ದಿನದ ರಜೆ ಹಾಕಿಸಬೇಕಲ್ಲ, ಅದಕ್ಕೆ ಭಂಡಾರಕವಠೆಯಲ್ಲಿ ನಮ್ಮ ಮೌಶಿಯ, ಅಂದರೆ ಚಿಕ್ಕಮ್ಮನ, ಮೊಮ್ಮಗನಿಗೆ ತೊಟ್ಟಿಲ ಕಾರ್ಯ ಎಂದು ಸುಳ್ಳು ಹೇಳಿದೆ. ಕೂಸು ನಿಜವಾಗಿಯೂ ಹುಟ್ಟಿತ್ತು. ಕಾರ್ಯವಷ್ಟೇ ಇನ್ನೂ ಮುಂದಿತ್ತು. ಇಷ್ಟರಮಟ್ಟಿಗೆ ನನ್ನ ಏರ್ಪಾಡಿನಲ್ಲಿ ದೋಷವಿರಲಿಲ್ಲ. ಆದರೆ ಅತ್ತೆಗೆ ಹೇಳದೆ ಎರಡು ದಿನ ಮನೆ ಬಿಡುವುದು ಹೇಗೆ? ಒಂದು ಮಧ್ಯಾಹ್ನ ಶೇಂಗಾ ಸುಲಿಯುತ್ತ ಕುಳಿತಿದ್ದಾಗ ಅವರಿಗೆ ಎಲ್ಲವನ್ನೂ ಹೇಳಿದೆ. ಯಾರಿಗೂ ಹೇಳಬೇಡಿ ಎಂದೂ ಹೇಳಿದೆ.

ಅತ್ತೆಗೆ ಸಂತೋಷವೇ ಆಯಿತು. “ಹೋಗಿ ಬರ್ರಿ. ನಾ ವಾಗದರಿಗಿ ಹೋಗಿ ಇರ್ತೀನಿ. ಯಾರ ಮುಂದೂ ಬಾಯಿ ಬಿಡಾಂಗಿಲ್ಲ” ಎಂದರು. ಆಮೇಲೆ, “ಭೀಮಾ ದಾಟ್ತೀರಿ ಅಂದ್ರ ಬೀರಪ್ಪಗ ಅಷ್ಟ ಹೇಳಬೇಕಾಗ್ತೈತಿ” ಎಂದರು.

ಇದು ನಮ್ಮ ಮನೆತನದ ಪದ್ಧತಿ. ಹಿಂದೆ ಹಿರಿಯರು ಕುರಿ ಹೊಡೆದುಕೊಂಡು ಮೇವು ಹುಡುಕುತ್ತ ಭೀಮಾ ನದಿ ದಾಟಿ ಹೋಗುತ್ತಿದ್ದರಂತೆ. ಹೋಗುವ ಮುನ್ನ ಯಾವ ದಿಕ್ಕಿಗೆ ಹೋಗುತ್ತೇವೆ, ಎಂದು ಬರುತ್ತೇವೆ ಎಂದು ಬೀರಪ್ಪನಿಗೆ ಹೇಳಿ, ಭಂಡಾರದ ಅರಿಶಿನ ಕಟ್ಟಿಕೊಂಡು ಹೋಗಬೇಕು. ಹೇಳದೆ ಹೋದವರನ್ನು ದೇವರಾದರೂ ಎಲ್ಲಿ ಎಂದು ಹುಡುಕಬೇಕು? ಈಗ ಸೊಲ್ಲಾಪುರದ ನಮ್ಮ ಮನೆಯಲ್ಲಿ ಕುರಿಯ ಉಣ್ಣೆಯೂ ಇಲ್ಲ. ಮಾವನವರು ಕಚೇರಿಯಲ್ಲಿ ಕಾರಕೂನರಾಗಿದ್ದರು. ಪದ್ಧತಿ ಮಾತ್ರ ಹಾಗೆಯೇ ಉಳಿದಿದೆ. ಶ್ರುತಿ ವಿಜಯಪುರಕ್ಕೆ ಪರೀಕ್ಷೆ ಬರೆಯಲು ಹೋದಾಗಲೂ ಬೀರಪ್ಪನಿಗೆ ವಿಷಯ ಮುಟ್ಟಿತ್ತು.

ದೇವರಿಗೆ ಹೇಳಿದರೆ ಏನು ಹೋಯಿತು, ಅವನೇನು ಸ್ಟ್ಯಾಂಡಿಗೆ ಬಂದು ಹೇಳುತ್ತಾನೆಯೇ ಎಂದು ನಾನು ಒಪ್ಪಿದೆ. ಇಲ್ಲಿ ನಾನು ಒಂದು ಸಂಗತಿಯನ್ನು ಮರೆತೆ. ಬೀರಪ್ಪನಿಗೆ ಯಾರೂ ಮನಸ್ಸಿನಲ್ಲಿ ಹೇಳಿಕೊಳ್ಳುವುದಿಲ್ಲ. ಭಕ್ತರು ಪೂಜಾರಿಗೆ ಹೇಳಬೇಕು, ಪೂಜಾರಿ ದೇವರಿಗೆ ಹೇಳಬೇಕು, ಅದೂ ಎತ್ತಿದ ದನಿಯಲ್ಲಿ, ಗುಡಿಯಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ. ನಾಲ್ಕು ಮಂದಿಯ ಮುಂದೆ ಹೇಳಿದ ಮಾತನ್ನು ದೇವರೂ ಮರೆತೆನೆನ್ನುವಂತಿಲ್ಲ ಎಂಬುದು ಇದರ ಹಿಂದಿನ ಜಾಣತನ ಇರಬೇಕು.

ರವಿವಾರ ಅತ್ತೆ ವಾಗದರಿಗೆ ಹೋದರು. ಅಂದು ಗುಡಿಯಲ್ಲಿ ನಡೆದದ್ದನ್ನು ನಾನು ಆಮೇಲೆ ಕೇಳಿ ತಿಳಿದದ್ದು, ಆದರೂ ಕಣ್ಣಿಗೆ ಕಟ್ಟಿದಂತಿದೆ. ಪೂಜಾರಿ ಸಿದ್ದಪ್ಪ ಕಾಕಾ ಹಿಡಿ ಭಂಡಾರ ಎತ್ತಿ ಹಾರಿಸಿ ಹೇಳಿದರಂತೆ: “ಬೀರಪ್ಪಾ, ನಿನ್ನ ಮಗ, ಸೊಲ್ಲಾಪುರದ ಸ್ಟ್ಯಾಂಡಿನ್ಯಾಂವ, ಅವನ ಹೇಂತಿ, ಇಬ್ಬರೂ ಭೀಮಾ ದಾಟಿ ಹೊಂಟಾರ. ಲಗ್ನಾಗಿ ಪಂಚವೀಸ ವರ್ಷ ಆಗ್ಯಾವ. ಗೋಕಾಕದಾಗ ನೀರ ನೋಡಿ, ಬೆಳಗಾವ್ಯಾಗ ಒಂದ ರಾತ್ರಿ ಇದ್ದು ಹೊಳ್ಳಿ ಬರ್ತಾರ. ಸಂಭಾಳಸು. ಅಂವಗ ಇನ್ನಾ ಗೊತ್ತಿಲ್ಲ. ಗುಟ್ಟಿನ ಮಾತ ಐತಿ, ನೀನೂ ಯಾರ ಮುಂದೂ ಹೇಳಬ್ಯಾಡ.”

ಬೀರಪ್ಪ ಹೇಳಲಿಲ್ಲ, ಅವನದು ಆ ವಿಷಯದಲ್ಲಿ ಒಳ್ಳೆಯ ಹೆಸರಿದೆ. ಆದರೆ ಗುಡಿಯಲ್ಲಿ ಅಕ್ಕಲಕೋಟೆ ಗಾಡಿಯ ಕಂಡಕ್ಟರ್ ನಿಂತಿದ್ದ. ಗಾಡಿ ಹೊರಡುವುದಕ್ಕೆ ಸಮಯವಿದೆಯೆಂದು ಹಣೆಗೆ ಭಂಡಾರ ಹಚ್ಚಿಕೊಳ್ಳಲು ಬಂದಿದ್ದನಂತೆ. ಅಂದು ಸಂಜೆಯೊಳಗೆ ಸೊಲ್ಲಾಪುರ ಸ್ಟ್ಯಾಂಡಿನ ಕ್ಯಾಂಟೀನಿನವರೆಗೆ ಸುದ್ದಿ ಬಂದು ತಲುಪಿತ್ತು. ನಮ್ಮವರು ಎಲ್ಲರ ಅಭಿನಂದನೆ ಸ್ವೀಕರಿಸಿ, ಚಹಾ ಕುಡಿಸಿ, ಮನೆಗೆ ಬಂದು, ಏನೂ ಅರಿಯದವರಂತೆ ಕಾಲು ಚಾಚಿ ಕುಳಿತರು.

ಮುಂದಿನ ದಿನಗಳಲ್ಲಿ ನಾನು ನಡೆಸಿದ ನಾಟಕವನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ನಾಟಕ ನೋಡುವವರಿಗೆ ಕಥೆ ಮೊದಲೇ ಗೊತ್ತಿತ್ತು, ಅವರಿಗೆ ಗೊತ್ತಿದೆ ಎಂಬುದು ಪಾತ್ರಧಾರಿಗೆ ಮಾತ್ರ ಗೊತ್ತಿರಲಿಲ್ಲ. ಒಂದು ರಾತ್ರಿ ಊಟಕ್ಕೆ ಕುಳಿತಾಗ ಇವರು, “ಕೂಸಿಗಿ ಏನ ಹೆಸರ ಇಡಾವ್ರ ಅದಾರ?” ಎಂದು ಕೇಳಿದರು.

“ಮೊದಲ ಹೇಳಾಂಗಿಲ್ರಿ. ತೊಟ್ಟಲದಾಗ ಹಾಕಿದ ಮ್ಯಾಲೇ ಹೇಳ್ತಾರ,” ಎಂದೆ.

“ಖರೇನ ಐತಿ. ಎಲ್ಲಾರಿಗೂ ಹಂಗ ಗುಟ್ಟ ಇಡಾಕ ಬರಾಂಗಿಲ್ಲ,” ಎಂದು ಗಂಭೀರವಾಗಿ ರೊಟ್ಟಿ ಮುರಿದರು.

ಮರುದಿನ ಪೇಟೆಗೆ ಹೋಗಿ ಕೂಸಿಗೆಂದು ಜಬಲಾ, ಕುಂಚಿಗೆ ತಂದರು. ಹಳದಿಯದು ಒಳ್ಳೆಯದೋ ಗುಲಾಬಿಯದು ಒಳ್ಳೆಯದೋ ಎಂದು ನನ್ನನ್ನು ಹತ್ತು ಸಲ ಕೇಳಿದರು. ತಲೆಗೆ ಬಣ್ಣ ಹಚ್ಚಿಸಿಕೊಂಡು ಬಂದರು, ಹೊಸ ಚಪ್ಪಲಿ ಕೊಂಡರು. ನಮ್ಮ ತವರಿನ ಕೂಸಿನ ಮೇಲೆ ಇವರಿಗೆ ಇಷ್ಟು ಅಕ್ಕರೆ ಇದೆಯೇ ಎಂದುಕೊಂಡೆ. ಪಾಪ, ಇಂಥವರಿಗೆ ಸುಳ್ಳು ಹೇಳುತ್ತಿದ್ದೇನಲ್ಲ ಎಂದು ಒಂದು ಹೊತ್ತಿನ ಊಟವನ್ನೂ ಸರಿಯಾಗಿ ಉಣ್ಣಲಿಲ್ಲ.

ಹೊರಡುವ ದಿನ ಬಂತು. ಇಬ್ಬರೇ ಕಾರಿನಲ್ಲಿ ಕುಳಿತಾಗ ಹಿಂದಿನ ಸೀಟು ಎಷ್ಟು ಅಗಲ ಇರುತ್ತದೆ ಎಂಬುದು ತಿಳಿಯಿತು. ಮಂದ್ರೂಪ ದಾಟಿ ಭಂಡಾರಕವಠೆಗೆ ಹೊರಳಬೇಕಾದ ಕಡೆ ಗಾಡಿ ಹೊರಳಲಿಲ್ಲ. ಇವರು ಕಿಟಕಿಯ ಹೊರಗೆ ನೋಡುತ್ತ, “ದಾರಿ ತಪ್ಪೇತೇನೋ,” ಎಂದರು. ಇವರ ಮೈಕಿನ ದನಿಗೆ ಇದಕ್ಕಿಂತ ಹೆಚ್ಚು ಭಾವವಿದೆ. ಭೀಮಾ ಸೇತುವೆಯ ಮೇಲೆ ಬಂದಾಗ, ಮನಸ್ಸಿನಲ್ಲಿ ಎಷ್ಟೋ ಸಲ ಉರುಹೊಡೆದ ಮಾತನ್ನು ಹೇಳಿದೆ: “ರೀ, ನಾವು ತೊಟ್ಟಲಕ್ಕ ಹೊಂಟಿಲ್ಲ. ಗೋಕಾಕಕ್ಕ ಹೊಂಟೇವಿ. ಅಲ್ಲಿಂದ ಬೆಳಗಾವಿಗಿ. ನಾವಿಬ್ಬರೇ.”

“ಹೌದಾ?” ಎಂದರು ಇವರು. ಪುಣೆ ಗಾಡಿ ಸ್ವಲ್ಪ ತಡ ಎಂದು ಯಾರೋ ಹೇಳಿದ ಹಾಗೆ. ಆಮೇಲೆ ಡ್ರೈವರನಿಗೆ ಗಾಡಿ ನಿಧಾನ ಮಾಡಲು ಹೇಳಿ, ಕಿಸೆಯಿಂದ ಕಾಗದದ ಒಂದು ಪುಡಿಕೆ ತೆಗೆದು, ಭಂಡಾರವನ್ನು ಚಿಟಿಕೆ ನದಿಯ ಕಡೆಗೆ ತೂರಿ, ಚಿಟಿಕೆ ತಮ್ಮ ಹಣೆಗೆ, ಉಳಿದದ್ದನ್ನು ನನ್ನ ಹಣೆಗೆ ಹಚ್ಚಿದರು.

ಇದು ಎಲ್ಲಿಂದ ಬಂತೆಂದು ಹಳದಿ ಹಣೆ ಹೊತ್ತು ಕೇಳಿದೆ. “ಯವ್ವ ಕಂಡಕ್ಟರನ ಕೈಯಾಗ ಕೊಟ್ಟ ಕಳಿಸ್ಯಾಳ. ಹೊಳಿ ದಾಟೂಮುಂದ ಹಚ್ಚಕೋರಿ ಅಂದಾಳ,” ಎಂದು ಹೇಳಿ, ಕಂಡಕ್ಟರನ ಕಥೆಯನ್ನೆಲ್ಲ ಒಂದೊಂದಾಗಿ ಬಿಚ್ಚಿದರು. ಮುಂದೆ ಕುಳಿತ ಡ್ರೈವರನ ಭುಜಗಳು ಕುಲುಕುತ್ತಿದ್ದವು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ವಿಜಯಪುರದವರೆಗೆ ಮಾತಾಡಲಿಲ್ಲ. ಅಲ್ಲಿ ಬೇವಿನ ನೆರಳಿಗೆ ಗಾಡಿ ನಿಲ್ಲಿಸಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದಾಗ ಸಿಟ್ಟು ತಾನಾಗಿ ಇಳಿಯಿತು. ಹಸಿದವರಿಗೆ ಬಹಳ ಹೊತ್ತು ಸಿಟ್ಟು ಮಾಡುವುದು ಆಗುವುದಿಲ್ಲ. ಹೋಗಲಿ, ಗುಟ್ಟು ಬಯಲಾದರೂ ಜಲಪಾತವಂತೂ ಎಲ್ಲಿಗೂ ಹೋಗಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಜಮಖಂಡಿ, ಮುಧೋಳ ದಾಟಿ ಗೋಕಾಕ ಮುಟ್ಟಿದಾಗ ಬಿಸಿಲು ಇಳಿಮುಖವಾಗಿತ್ತು. ಜಲಪಾತದ ಬಳಿ ಎಲ್ಲವೂ ಇತ್ತು. ತೂಗುಸೇತುವೆ ಇತ್ತು, ಹಳೆಯ ಗುಡಿ ಇತ್ತು, ಚುರುಮುರಿ ಮಾರುವವನಿದ್ದ, ಕೋತಿಗಳಿದ್ದವು. ಫೋಟೋದಲ್ಲಿ ನೋಡಿದ ಕುದುರೆಲಾಳದ ಬಂಡೆ ಇತ್ತು. ನೀರು ಇರಲಿಲ್ಲ. ಒಂದು ಮೂಲೆಯಲ್ಲಿ, ನಮ್ಮ ಓಣಿಯ ಟಾಕಿ ತುಂಬಿ ಹರಿದಂಥ ಒಂದು ಎಳೆ ಇಳಿಯುತ್ತಿತ್ತು, ಅದೂ ಅರ್ಧ ದಾರಿಯಲ್ಲಿ ಬಂಡೆಗೆ ಅಂಟಿ ಕಾಣದಾಗುತ್ತಿತ್ತು. “ಶ್ರಾವಣದಾಗ ಬರಬೇಕ್ರಿ ಅಕ್ಕಾರ,” ಎಂದ ಚುರುಮುರಿಯವನು.

ಇದರಲ್ಲಿ ಅಚ್ಚರಿಪಡುವಂಥದ್ದು ಏನೂ ಇಲ್ಲ ನೋಡಿ. ನಮ್ಮ ಜನರ ಲಗ್ನಗಳೆಲ್ಲ ಬೇಸಿಗೆಯಲ್ಲಿ. ರಾಶಿ ಮುಗಿದು, ಹೊಲದಲ್ಲಿ ಕೆಲಸವಿಲ್ಲದಾಗ, ಜೂನಿನ ಮಿರಗದ ಮಳೆ ಬರುವ ಮೊದಲು ಮುಗಿಸಿಕೊಳ್ಳಬೇಕು. ನಮ್ಮ ಬೀಗರು ಬಿಜ್ಜರಲ್ಲಿ ಯಾರ ಲಗ್ನದ ಫೋಟೋ ತೆಗೆದರೂ ಮದುಮಗನ ಬಾಸಿಂಗದ ಕೆಳಗೆ ಬೆವರು ಕಾಣುತ್ತದೆ. ಲಗ್ನ ಬೇಸಿಗೆಯಲ್ಲಾದರೆ ಅದರ ವರ್ಷಗಳೂ ಬೇಸಿಗೆಯಲ್ಲೇ ತುಂಬುತ್ತವೆ. ಮಗಳು ಕಳಿಸಿದ ಚಿತ್ರಗಳೆಲ್ಲ ಮಳೆಗಾಲದವು. ದಖನಿನ ನದಿಗಳು ಮಳೆಯನ್ನು ನಂಬಿದ ನದಿಗಳು, ಬೇಸಿಗೆಯಲ್ಲಿ ಒಣಗುತ್ತವೆ ಎಂದು ಎಷ್ಟೋ ವರ್ಷಗಳಿಂದ ಬಾಯಿಪಾಠ ಮಾಡಿಸಿದವಳು, ಲಗ್ನವಾಗಿ ಇಪ್ಪತ್ತೈದು ವರ್ಷ ತುಂಬಿದ ದಿನಕ್ಕೆ ಜಲಪಾತ ನೋಡಲು ಗಂಡನನ್ನು ಕರೆದುಕೊಂಡು ಬಂದಿದ್ದೆ. ನನ್ನ ವಿದ್ಯಾರ್ಥಿಯೊಬ್ಬ ಹೀಗೆ ಬರೆದಿದ್ದರೆ ನಾನು ಸೊನ್ನೆ ಕೊಡುತ್ತಿದ್ದೆ.

ಕಟ್ಟೆಯ ಮೇಲೆ ಕುಳಿತೆ. ಅಳು ಬಂತು. ನೀರು ಕಾಣಲಿಲ್ಲ ಎಂಬುದಕ್ಕಿಂತ, ಇವರಿಗೆ ಕೊಡಬೇಕೆಂದಿದ್ದ ಎರಡರಲ್ಲಿ ಒಂದು ಕೂಡ ಕೊಡಲಾಗಲಿಲ್ಲ ಎಂದು ಅಳು ಬಂತು. ಗುಟ್ಟು ಉಳಿಯಲಿಲ್ಲ, ಜಲಪಾತ ಬೀಳಲಿಲ್ಲ. ಇವರು ಚುರುಮುರಿಯ ಎರಡು ಪೊಟ್ಟಣ ಹಿಡಿದು ಪಕ್ಕದಲ್ಲಿ ಬಂದು ಕುಳಿತರು. ಇವರ ಮುಖದಲ್ಲಿ ಆಶ್ಚರ್ಯವೇ ಇಲ್ಲದ್ದನ್ನು ಕಂಡು ನನಗೆ ಸಂಶಯ ಬಂತು.

“ನೀರ ಇರಾಂಗಿಲ್ಲಂತ ಗೊತ್ತಿತ್ತೇನ್ರಿ ನಿಮಗ?”

“ಹೂಂ. ಬೆಳಗಾವಿ ಗಾಡಿ ಡ್ರಾಯವರಗೋಳು ಹೇಳಿದ್ರು. ಬ್ಯಾಸಿಗ್ಯಾಗ ಕಲ್ಲ ಅಷ್ಟ ಇರ್ತೈತಿ ಅಂತ.”

“ಮತ್ತ ಒಂದ ಮಾತ ಹೇಳಬಾರದಾಗಿತ್ತೇನು?”

“ಹೇಳಿದ್ರ ನೀ ಮಳಿಗಾಲದಾಗ ಹೋಗೂಣು ಅಂತಿದ್ದಿ. ಮಳಿಗಾಲದಾಗ ನಿಂದು ಸಾಲಿ, ನಂದು ವಾರಿ ಡ್ಯೂಟಿ, ಆಮ್ಯಾಲ ಗಣಪತಿ. ಅಷ್ಟರಾಗ ಎಲ್ಲಾರಿಗೂ ಗೊತ್ತಾಗಿ ಜೀಪ್ ತುಂಬತಿತ್ತು.” ಇವರು ಪೊಟ್ಟಣದಿಂದ ಶೇಂಗಾ ಆರಿಸಿ ಆರಿಸಿ ನನ್ನ ಪೊಟ್ಟಣಕ್ಕೆ ಹಾಕುತ್ತಿದ್ದರು. “ನನಗ ನೀರೇನ ಬೇಕಾಗಿರಲಿಲ್ಲ. ನಿನ್ನ ಸಂಗಾಟ ಬರೂದಿತ್ತು.”

ಇವರು ಇಂಥ ಮಾತು ಆಡುವವರಲ್ಲ. ಆಡಿ ಅಭ್ಯಾಸವಿಲ್ಲದ್ದರಿಂದ ಆಡಿದ ಮೇಲೆ ಕೋತಿಗಳ ಕಡೆ ನೋಡತೊಡಗಿದರು. ನನಗೆ ತುಂಬಾ ಸಂತೋಷವಾಯಿತು, ಅಳುವೂ ಇನ್ನೊಂದಿಷ್ಟು ಬಂತು. ಇವರು ಕರವಸ್ತ್ರ ಕೊಟ್ಟರು. ಅದರ ಮೇಲೂ ಭಂಡಾರ ಇದ್ದದ್ದರಿಂದ ಮುಖವೆಲ್ಲ ಹಳದಿಯಾಯಿತು.

ಸಂಜೆಯವರೆಗೆ ಅಲ್ಲೇ ಕುಳಿತೆವು. ಬರಿಯ ಬಂಡೆಯನ್ನು ನೋಡುತ್ತ ನೋಡುತ್ತ ನನಗೊಂದು ಸಂಗತಿ ಕಂಡಿತು. ನೀರಿದ್ದಾಗ ಕಾಣದ್ದೆಲ್ಲ ಅಲ್ಲಿ ಬಯಲಾಗಿತ್ತು. ಪದರದ ಮೇಲೆ ಪದರ, ಮೇಲೆ ಗಟ್ಟಿ ಕಲ್ಲಿನ ತುಟಿ, ಅದರ ಅಡಿಯಲ್ಲಿ ಕೊರೆದ ಪೊಟರೆ, ಬುಡದಲ್ಲಿ ಯಾವಾಗಲೋ ಮುರಿದುಬಿದ್ದ ಮನೆಯಷ್ಟು ದೊಡ್ಡ ಬಂಡೆಗಳು. ನನ್ನ ಚಿತ್ರದಲ್ಲಿ ನೀಲಿ ಚಾಕಿನ ಹಿಂದೆ ಇದೆ ಎಂದು ಹೇಳುತ್ತಿದ್ದದ್ದೆಲ್ಲ ಇಲ್ಲಿ ಎದುರಿಗಿತ್ತು. ಬೆರಳು ತೋರಿಸಿ ಇವರಿಗೆ ವಿವರಿಸತೊಡಗಿದೆ. ನನ್ನ ಪಾಠವನ್ನು ಇವರು ಎಂದೂ ಕೇಳಿದವರಲ್ಲ. ಪೂರ್ತಿ ಕೇಳಿ ಒಂದು ಪ್ರಶ್ನೆ ಹಾಕಿದರು: “ಹಂಗಾರ ಹಿಂದ ಸರಕೋಂತ ಸರಕೋಂತ ಒಂದಿನ ಈ ಧಬಧಬಾ ಇಲ್ಲದಂಗ ಆಗ್ತೈತೇನು?”

ಧಬಧಬಾ ಎಂದರೆ ಮರಾಠಿಯಲ್ಲಿ ಜಲಪಾತ. ನನ್ನ ವಿದ್ಯಾರ್ಥಿಗಳಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. “ಆಗ್ತೈತ್ರಿ. ನಮ್ಮ ಕಾಲಕ್ಕಂತೂ ಅಲ್ಲ,” ಎಂದೆ.

ಬೆಳಗಾವಿಯಲ್ಲಿ ಖಾನಾವಳಿಗೆ ಹೋದಾಗ ಎಷ್ಟು ಮಂದಿ ಎಂದು ಕೇಳಿದರೆ ಇವರು ಅಭ್ಯಾಸಬಲದಿಂದ ಹಿಂದೆ ತಿರುಗಿ ಎಣಿಸಲು ನೋಡಿದರು. ಎದುರುಬದುರು ಕುಳಿತೆವು. ನಾನು ಹೆದರಿದ್ದ ಘಳಿಗೆ ಅದೇ. ಮೊದಲು ಅತ್ತೆಯ ಮೊಣಕಾಲಿನ ವಿಷಯ ಮಾತಾಡಿದೆವು, ಆಮೇಲೆ ಶ್ರುತಿಯ ಪರೀಕ್ಷೆ, ಆಮೇಲೆ ಮನೆಯ ಟಾಕಿಗೆ ಮುಚ್ಚಳ ಹಾಕಿಸುವ ವಿಷಯ. ಅಲ್ಲಿಗೆ ಮಾತಿನ ಸಾಮಾನು ಮುಗಿಯಿತು. ಸುಮ್ಮನೆ ಉಂಡೆವು. ಸುಮ್ಮನಿರುವುದು ನಾನು ತಿಳಿದಷ್ಟು ಕಷ್ಟವಿರಲಿಲ್ಲ. ಊಟದ ಕೊನೆಗೆ ಇವರು ಕುಂದಾ ತಿನ್ನುತ್ತ, ಸಣ್ಣವರಿದ್ದಾಗ ತಾವು ವಾಗದರಿಯಲ್ಲಿ ಕುರಿಮರಿಗೆ ಹೆಸರಿಟ್ಟು ಶಾಲೆಗೆ ಕರೆದೊಯ್ದ ಕಥೆ ಹೇಳಿದರು. ಇಪ್ಪತ್ತೈದು ವರ್ಷ ಸಂಸಾರ ಮಾಡಿದರೂ ನನಗೆ ಆ ಮರಿಯ ವಿಷಯ ಗೊತ್ತಿರಲಿಲ್ಲ.

ಬೆಳಗ್ಗೆ ಎದ್ದು ನಾನು ಗಡಿಬಿಡಿಯಿಂದ ಬ್ಯಾಗು ತುಂಬತೊಡಗಿದೆ. ಕೋಟೆ ನೋಡಿಕೊಂಡು ಬೇಗ ಹೊರಟರೆ ಕತ್ತಲಾಗುವ ಮೊದಲು ಮನೆ ಸೇರಬಹುದು. ಇವರು ಕಿಟಕಿಯ ಬಳಿ ಚಹಾ ಕುಡಿಯುತ್ತ ಕುಳಿತಿದ್ದರು, ಏಳುವ ಲಕ್ಷಣ ಕಾಣಲಿಲ್ಲ. ಡ್ರೈವರನಿಗೆ ಫೋನು ಮಾಡಿ ಎಂದೆ.

“ಅವನ್ನ ನಿನ್ನೇನ ಕಳಿಸೀನಿ,” ಎಂದರು.

“ಕಳಿಸೀರಿ? ಮತ್ತ ನಾವು ಹೆಂಗ ಹೋಗೂದು?”

“ಹೋಗೂಣಂತ, ಬಸ್ಸಿನಾಗ. ಇವತ್ತಲ್ಲ. ನಾ ನಾಕ ದಿನಾ ರಜಾ ಹಾಕೀನಿ. ಸ್ಟ್ಯಾಂಡಿನ ಮಂದಿ ನನ್ನ ಡ್ಯೂಟಿ ಹಂಚಕೊಂಡಾರ.”

ನಾನು ಮಡಿಸುತ್ತಿದ್ದ ಸೀರೆಯನ್ನು ಹಿಡಿದುಕೊಂಡೇ ಮಂಚದ ಮೇಲೆ ಕುಳಿತೆ. ತಂದೆ ತೀರಿಕೊಂಡಾಗ ಬಿಟ್ಟರೆ ಈ ಮನುಷ್ಯ ನಾಲ್ಕು ದಿನ ಒಟ್ಟಿಗೆ ರಜೆ ತೆಗೆದುಕೊಂಡದ್ದನ್ನು ನಾನು ನೋಡಿಲ್ಲ. ಅತ್ತೆಗೆ ಹೇಳಿದ್ದೀರಾ ಎಂದು ಕೇಳಿದೆ. ಇಲ್ಲ ಎಂದರು. ಶ್ರುತಿಗೆ? ಅವಳಿಗೂ ಇಲ್ಲ. ಇನ್ನೆರಡು ದಿನ ಎಲ್ಲಿಗೆ ಹೋಗುವುದು ಎಂದು ಕೇಳಿದೆ. “ಎಲ್ಲೀಗೂ ಬ್ಯಾಡ. ಕೂಡೂಣು,” ಎಂದು ನನಗೂ ಒಂದು ಚಹಾ ಹೇಳಿದರು.

ಊರಿಗೆ ಬಂದ ಮೇಲೆ ಅತ್ತೆ ವಾಗದರಿಯಿಂದ ಬಂದರು. ಚಪ್ಪಲಿ ಬಿಡುವ ಮೊದಲೇ, “ಇನ್ನೆರಡ ದಿನಾ ಎಲ್ಲಿ ಹೋಗಿದ್ರಿ? ಏನ ನೋಡಿದ್ರಿ?” ಎಂದು ಕೇಳಿದರು.

“ಎಲ್ಲೂ ಹೋಗಿಲ್ರಿ ಅತ್ತಿ. ಏನೂ ನೋಡಿಲ್ಲ. ಇಬ್ಬರೂ ಕುಂತಿದ್ದಿವಿ,” ಎಂದೆ.

ಅಷ್ಟು ದಿನದಿಂದ ನಾನು ಮನೆಯಲ್ಲಿ ಆಡಿದ ಮಾತುಗಳಲ್ಲಿ ಅಪ್ಪಟ ನಿಜವಾದದ್ದು ಅದೊಂದೇ. ಅತ್ತೆ ನಂಬದೇ ಹೋದದ್ದೂ ಅದೊಂದನ್ನೇ. “ಹೇಳೂದ ಬ್ಯಾಡಾದ್ರ ಬಿಡವಾ,” ಎಂದರು.

ನಾನು ಬಿಟ್ಟೆ. ನಿಮಗೂ ಹೇಳುವುದು ಅಷ್ಟೇ.